ಎಂಟು ಕೋಟೆಗಳ ಕಾಲ

ಆಂಟಗಾರಿಚ್ ಖಂಡದ ಅರಸೊತ್ತಿಗೆಗಳು ಯಾವ ಭೂಪಟದಲ್ಲೂ ಸಿಗುವುದಿಲ್ಲ. 1999ರ ಮಾರ್ಚ್ ಹೊತ್ತಿಗೆ ಸಿ.ಡಿ. ರೂಪದಲ್ಲಿ ಅಂಗಡಿಗಳಿಗೆ ಬಂದ ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ ಎಂಬ ಕಂಪ್ಯೂಟರ್ ಆಟದೊಳಗೆ ಅವು ಹುಟ್ಟಿದವು, ಅಲ್ಲಿಯೇ ಮೆರೆದವು, ಅಲ್ಲಿಯೇ ಕಾದಾಡಿದವು. ಆ ಆಟವನ್ನು ಕಟ್ಟಿದ ಸಂಸ್ಥೆ ಇಂದು ಇಲ್ಲ. ಆ ಸಂಸ್ಥೆಯನ್ನು ಕೊಂಡಿದ್ದ ದೊಡ್ಡ ಸಂಸ್ಥೆಯೂ ಇಲ್ಲ. ಆದರೆ ಆ ರಾಜ್ಯಗಳ ಕಟ್ಟಳೆ ಈ ಹೊತ್ತಿಗೂ ಜಾರಿಯಲ್ಲಿದೆ. ದಿನ ಬೆಳಗಾದರೆ ಜಗತ್ತಿನ ಯಾವುದೋ ಮೂಲೆಯಲ್ಲಿ ಒಬ್ಬ ದಂಡನಾಯಕ ಕುದುರೆಯೇರಿ ಕೋಟೆಯ ಬಾಗಿಲಿನಿಂದ ಹೊರಬೀಳುತ್ತಾನೆ. ಅಂಥ ಕಾಲವೊಂದರ ಚರಿತ್ರೆಯನ್ನು ಚರಿತ್ರೆಗೆ ಸಲ್ಲಬೇಕಾದ ಗೌರವದಿಂದಲೇ ಬರೆಯಬೇಕು.

ಮೊದಲಿಗೆ ವಂಶಾವಳಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1984ರಲ್ಲಿ ಜಾನ್ ವ್ಯಾನ್ ಕ್ಯಾನೆಗಮ್ ಎಂಬ ತರುಣ ‘ನ್ಯೂ ವರ್ಲ್ಡ್ ಕಂಪ್ಯೂಟಿಂಗ್’ ಎಂಬ ಸಣ್ಣ ಸಂಸ್ಥೆಯನ್ನು ಕಟ್ಟಿದ. ಬಹುಮಟ್ಟಿಗೆ ಒಬ್ಬನೇ ಕೂತು ಬರೆದ ‘ಮೈಟ್ ಅಂಡ್ ಮ್ಯಾಜಿಕ್’ 1986ರಲ್ಲಿ ಆ್ಯಪಲ್ 2 ಯಂತ್ರಕ್ಕೆ ಬಂತು. ಅದು ಪಾತ್ರಧಾರಿಗಳ ತಂಡವೊಂದು ಗುಹೆ ಕಣಿವೆಗಳನ್ನು ಸುತ್ತುವ ಆಟ. 1990ರಲ್ಲಿ ಬಂದ ‘ಕಿಂಗ್ಸ್ ಬೌಂಟಿ’ಯಲ್ಲಿ ಒಬ್ಬ ನಾಯಕನಿಗೆ ಸೈನ್ಯ ಸಿಕ್ಕಿತು, ಎಲ್ಲೋ ಹೂತಿಟ್ಟ ರಾಜದಂಡವನ್ನು ಗೊತ್ತುಪಡಿಸಿದ ದಿನಗಳೊಳಗೆ ಹುಡುಕಿ ತೆಗೆಯುವ ಹೊಣೆ ಹೆಗಲಿಗೆ ಬಿತ್ತು. ನಾಯಕ, ದಂಡು, ಹೂತ ನಿಧಿ, ಓಡುವ ದಿನ: ಮುಂದಿನ ಎಲ್ಲಕ್ಕೂ ಬೇಕಾದ ನಾಲ್ಕು ಬೀಜಗಳೂ ಅಲ್ಲಿಯೇ ಬಿದ್ದಿದ್ದವು. 1995ರ ಮೊದಲ ಹೀರೋಸ್‌ನಲ್ಲಿ ನಾಲ್ಕು ಬಗೆಯ ಕೋಟೆಗಳಿದ್ದವು. 1996ರ ಎರಡನೆಯದರಲ್ಲಿ ಅವು ಆರಾದವು. ರೋಲಂಡ್ ಮತ್ತು ಆರ್ಚಿಬಾಲ್ಡ್ ಎಂಬ ಅಣ್ಣತಮ್ಮಂದಿರ ದಾಯಾದಿ ಕಲಹ ಅದರ ಕಥೆ. ಮೂರನೆಯದಕ್ಕೆ ಬರುವಾಗ ಕೋಟೆಗಳು ಎಂಟು.

ಆ ಹೊತ್ತಿಗೆ ಸಂಸ್ಥೆಯ ಒಡೆತನ ಬದಲಾಗಿತ್ತು. ಎಲೆಕ್ಟ್ರಾನಿಕ್ ಆರ್ಟ್ಸ್ ಸ್ಥಾಪಿಸಿದ್ದ ಟ್ರಿಪ್ ಹಾಕಿನ್ಸ್‌ನ 3ಡಿಒ ಸಂಸ್ಥೆ 1996ರಲ್ಲಿ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಅನ್ನು ಕೊಂಡುಕೊಂಡಿತ್ತು. ಮೂರನೆಯ ಹೀರೋಸ್‌ನ ನಿರ್ದೇಶನದ ಹೊಣೆ ಡೇವಿಡ್ ಮುಲಿಚ್‌ನದು, ವಿನ್ಯಾಸದ ಮುಖ್ಯ ಹೊಣೆ ಗ್ರೆಗರಿ ಫುಲ್ಟನ್‌ನದು. ಚಿತ್ರಕಲೆಯ ಮುಂದಾಳು ಫೆಲನ್ ಸೈಕ್ಸ್. ಸಂಗೀತ ಪಾಲ್ ರೊಮೆರೊ, ರಾಬ್ ಕಿಂಗ್ ಮತ್ತು ಸ್ಟೀವ್ ಬಾಕಾ ಅವರದು. ಮೂರು ಆಯಾಮದ ಮಾದರಿಗಳನ್ನು ಕಡೆದು, ಅವುಗಳಿಂದ ಚಪ್ಪಟೆ ಚಿತ್ರಗಳನ್ನು ತೆಗೆದು, 800×600ರ ಪರದೆಯ ಮೇಲೆ ಇಟ್ಟರು. ಉಳಿದವರೆಲ್ಲ ಬಹುಕೋನಗಳ ಮೂರು ಆಯಾಮದ ಕಡೆಗೆ ಓಡುತ್ತಿದ್ದ ಕಾಲವದು. ಆಗ ಬೆರಗು ಹುಟ್ಟಿಸಿದ ಎಷ್ಟೋ ಆಟಗಳ ಮುಖಗಳು ಇಂದು ಮರದ ತುಂಡುಗಳಂತೆ ಕಾಣುತ್ತವೆ. ಹೀರೋಸ್ 3ರ ಚಿತ್ರಗಳ ಬಣ್ಣ ಮಾತ್ರ ಇನ್ನೂ ಮಾಸಿಲ್ಲ.

ಈಗ ನಾಡುಗಳ ವರ್ಣನೆ. ಖಂಡದ ನಡುವೆ ಎರಾಥಿಯಾ. ಅದರದು ಕ್ಯಾಸಲ್ ಎಂಬ ಬಿಳಿಗಲ್ಲಿನ ಕೋಟೆ. ಈಟಿಯಾಳುಗಳು, ಬಿಲ್ಲಾಳುಗಳು, ಗ್ರಿಫಿನ್‌ಗಳು, ಕತ್ತಿವೀರರು, ಸನ್ಯಾಸಿಗಳು, ರಾವುತರು, ಎಲ್ಲರ ಮೇಲೆ ದೇವದೂತರು ಅದರ ಬಲ. ಆವ್ಲೀ ಎಂಬ ಕಾಡಿನ ನಾಡಿನದು ರ‍್ಯಾಂಪಾರ್ಟ್. ಎಲ್ಫ್ ಬಿಲ್ಲಾಳುಗಳು, ನಡೆಯುವ ಮರಗಳು, ಏಕಶೃಂಗಿಗಳು, ಹಸಿರು ಡ್ರ್ಯಾಗನ್‌ಗಳು ಅಲ್ಲಿಯವು. ಹಿಮದ ನಾಡು ಬ್ರಕಾಡಾದ ಟವರ್ ಮಾಂತ್ರಿಕರದು. ಅಲ್ಲಿ ಜೀನಿಗಳ ಪಕ್ಕದಲ್ಲಿಯೇ ನಮ್ಮ ಹೆಸರನ್ನೇ ಹೊತ್ತ ನಾಗರೂ ಇದ್ದಾರೆ: ಸೊಂಟದಿಂದ ಕೆಳಗೆ ಸರ್ಪ, ಮೇಲೆ ಆರು ತೋಳು, ಆರರಲ್ಲೂ ಕತ್ತಿ. ನಾಗನ ಏಟು ತಿಂದವನಿಗೆ ತಿರುಗೇಟು ಕೊಡುವ ಅವಕಾಶವೇ ಇಲ್ಲ. ನೆಲದಡಿಯ ನೈಗಾನ್ ನಾಡಿನ ಡಂಜನ್ ಕೋಟೆಯಲ್ಲಿ ಮೆಡೂಸಾಗಳು, ಮಿನಟಾರ್‌ಗಳು, ಕಪ್ಪು ಡ್ರ್ಯಾಗನ್‌ಗಳು. ಜೌಗು ನಾಡು ಟಟಾಲಿಯಾದ ಫೋರ್ಟ್ರೆಸ್‌ನಲ್ಲಿ ಹಲ್ಲಿಮನುಷ್ಯರು, ಹೈಡ್ರಾಗಳು. ಕ್ರೂಲಾಡ್‌ನ ಬಿರುಸು ಜನರ ಸ್ಟ್ರಾಂಗ್‌ಹೋಲ್ಡ್‌ಗೆ ಮಂತ್ರ ಕಡಿಮೆ, ತೋಳ್ಬಲ ಹೆಚ್ಚು. ಸತ್ತವರ ನಾಡು ಡೇಜಾದ ನೆಕ್ರೊಪೊಲಿಸ್. ಇವೆಲ್ಲದರ ಆಚೆ, ಬೆಂಕಿ ಉಗುಳುವ ಈಯೋಫೋಲ್‌ನಲ್ಲಿ ಇನ್ಫರ್ನೊ.

ಈಯೋಫೋಲ್ ಮೊದಲಿನಿಂದ ಬೆಂಕಿಯ ನಾಡಾಗಿರಲಿಲ್ಲ. ಅದು ಹಾಫ್ಲಿಂಗ್ ಎಂಬ ಗಿಡ್ಡ ಜನರ ನಾಡು. ಕ್ರೀಗನ್ನರು ಅದನ್ನು ನುಂಗಿದರು. ಎರಾಥಿಯಾದ ಜನ ಅವರನ್ನು ದೆವ್ವಗಳೆಂದೇ ನಂಬಿದ್ದರು. ನಿಜದಲ್ಲಿ ಅವರು ಬಾನಿನಿಂದ ಇಳಿದ ಪರಗ್ರಹದವರು. ಮೈಟ್ ಅಂಡ್ ಮ್ಯಾಜಿಕ್ ಜಗತ್ತಿನ ಗುಟ್ಟೇ ಅದು: ಕತ್ತಿ, ಮಂತ್ರ, ಡ್ರ್ಯಾಗನ್‌ಗಳ ಕೆಳಗೆ ಬಹಳ ಹಳೆಯ, ಮರೆತುಹೋದ ಯಂತ್ರಯುಗವೊಂದು ಹುದುಗಿದೆ. ಈ ಗುಟ್ಟು ಮುಂದೆ ಒಂದು ದಂಗೆಗೆ ಕಾರಣವಾಯಿತು. ಅದರ ಮಾತು ಆಮೇಲೆ.

ಈ ರಾಜ್ಯಗಳ ಬೆನ್ನೆಲುಬೆಂದರೆ ಅವುಗಳ ಪಂಚಾಂಗ. ವಾರಕ್ಕೆ ಏಳು ದಿನ, ತಿಂಗಳಿಗೆ ನಾಲ್ಕು ವಾರ. ದಿನಕ್ಕೆ ಒಂದು ಕೋಟೆಯಲ್ಲಿ ಒಂದೇ ಕಟ್ಟಡ ಏಳಬೇಕು. ಸೈನಿಕರು ದಿನವೂ ಹುಟ್ಟುವುದಿಲ್ಲ. ವಾರದ ಮೊದಲ ದಿನ ಬೆಳಗ್ಗೆ ಮಾತ್ರ ಕೋಟೆಯ ಬಿಡದಿಗಳು ತುಂಬುತ್ತವೆ. ಜೋಯಿಸರು ಆ ವಾರ ಯಾವ ಪ್ರಾಣಿಯದೆಂದು ಸಾರುತ್ತಾರೆ. ತಿಂಗಳ ಆರಂಭದಲ್ಲಿ ಕೆಲವೊಮ್ಮೆ ಪಿಡುಗಿನ ತಿಂಗಳು ಬರುತ್ತದೆ, ಎಲ್ಲ ಬಿಡದಿಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಆಡುವವನ ಮನಸ್ಸಿನಲ್ಲಿ ಏಳನೆಯ ದಿನದ ಸಂಜೆಗಿರುವಷ್ಟು ಬಿಗುವು ಬೇರೆ ಯಾವ ಹೊತ್ತಿಗೂ ಇಲ್ಲ. ಬೊಕ್ಕಸದಲ್ಲಿ ಐದು ಸಾವಿರ ಚಿನ್ನವಿದೆ ಅನ್ನಿ. ಇಂದೇ ದೊಡ್ಡ ಬಿಡದಿ ಕಟ್ಟಿದರೆ ನಾಳೆ ಬೆಳಗ್ಗೆ ಅದರಲ್ಲಿ ಆಳುಗಳು ಸಿದ್ಧ, ಕೊಳ್ಳಲು ಹಣವಿರುವುದಿಲ್ಲ. ಕಟ್ಟದೆ ಬಿಟ್ಟರೆ ಹಣ ಉಳಿಯುತ್ತದೆ, ಒಂದು ಇಡೀ ವಾರ ಕಳೆದುಹೋಗುತ್ತದೆ. ಕಳೆದ ಬೊಕ್ಕಸ ಮತ್ತೆ ತುಂಬೀತು, ಕಳೆದ ವಾರ ಬಾರದು. ಈ ಆಟದ ನಿಜವಾದ ನಾಣ್ಯ ಚಿನ್ನವಲ್ಲ, ದಿನ ಎಂಬುದು ಎಲ್ಲ ಹಳಬರಿಗೂ ಗೊತ್ತು.

ಹಳಗಾಲದ ರಾಜನೀತಿ ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿತು: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಹೀರೋಸ್ 3ರ ಕರ್ತೃಗಳು ನಮ್ಮ ಸಪ್ತಾಂಗವನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ. ಆದರೂ ಈ ರಾಜ್ಯದಲ್ಲಿ ಏಳರ ಲೆಕ್ಕ ಎಲ್ಲೆಲ್ಲೂ ಕಾಣುತ್ತದೆ. ದಿನ ಏಳು. ಕೋಟೆಯ ಯೋಧರಲ್ಲಿ ದರ್ಜೆ ಏಳು. ದಂಡನಾಯಕನ ಬೆನ್ನಿಗೆ ಸಾಲುಗಟ್ಟುವ ತುಕಡಿಗಳಿಗೆ ಜಾಗ ಏಳು. ಸಂಪತ್ತಿನ ಬಗೆಯೂ ಏಳು: ಮರ, ಅದಿರು, ಪಾದರಸ, ಗಂಧಕ, ಸ್ಫಟಿಕ, ರತ್ನ, ಚಿನ್ನ. ಮರದ ಗಿರಣಿ ದಿನಕ್ಕೆ ಎರಡು ಮರ ಕೊಡುತ್ತದೆ, ಅದಿರಿನ ಗಣಿ ಎರಡು ಅದಿರು. ಗಂಧಕ, ಸ್ಫಟಿಕಗಳ ಗಣಿಗಳಿಂದ ದಿನಕ್ಕೆ ಒಂದೊಂದೇ. ಚಿನ್ನದ ಗಣಿಯಿಂದ ಸಾವಿರ. ಕೋಟೆಯ ಸಭಾಭವನ ಹಳ್ಳಿಯ ಮಟ್ಟದಲ್ಲಿದ್ದಾಗ ದಿನಕ್ಕೆ 500 ಚಿನ್ನದ ಆದಾಯ. ಬೆಳೆಸುತ್ತ ಹೋದರೆ 1000, 2000, ಕೊನೆಗೆ ರಾಜಧಾನಿ ಭವನಕ್ಕೆ 4000. ಅಂಥ ಭವನ ರಾಜ್ಯಕ್ಕೆಲ್ಲ ಒಂದೇ. ದೇವದೂತನೊಬ್ಬನನ್ನು ಕರೆಸಲು 3000 ಚಿನ್ನ ಮತ್ತು ಒಂದು ರತ್ನ. ಕೋಟೆ ಪೂರ್ತಿ ಬೆಳೆದರೂ ವಾರಕ್ಕೆ ಇಬ್ಬರಷ್ಟೇ ಬರುತ್ತಾರೆ. ಇಷ್ಟು ಚಿಕ್ಕ ಅಂಕಿಗಳಿಂದ ಇಷ್ಟು ದೊಡ್ಡ ಸಂಕಟಗಳನ್ನು ಹುಟ್ಟಿಸಿದ ಆಟ ನನಗೆ ಬೇರೆ ಗೊತ್ತಿಲ್ಲ.

ದಂಡಯಾತ್ರೆಯ ಕ್ರಮವನ್ನೂ ಹೇಳಬೇಕು. ನೆಲವೆಲ್ಲ ಕಪ್ಪು ಮುಸುಕಿನಲ್ಲಿರುತ್ತದೆ. ದಂಡನಾಯಕ ನಡೆದಷ್ಟು ತೆರೆಯುತ್ತದೆ. ಕಲ್ಲುಹಾಸಿನ ದಾರಿಯಲ್ಲಿ ಕುದುರೆ ದೂರ ಹೋಗುತ್ತದೆ, ಜೌಗಿನಲ್ಲಿ ನಾಲ್ಕು ಹೆಜ್ಜೆಗೆ ದಿನ ಮುಗಿಯುತ್ತದೆ. ದಂಡಿನ ನಡಿಗೆಯನ್ನು ನಿರ್ಧರಿಸುವವನು ಅದರಲ್ಲಿ ಎಲ್ಲರಿಗಿಂತ ನಿಧಾನಿ. ಆದ್ದರಿಂದ ಪಳಗಿದ ಆಟಗಾರ ಕುಳ್ಳ ಕೊಡಲಿಯಾಳುಗಳನ್ನು ಕೋಟೆಯಲ್ಲೇ ಬಿಟ್ಟು ಹೊರಡುತ್ತಾನೆ. ಒಬ್ಬ ನಾಯಕನ ಕುದುರೆ ದಣಿದ ಜಾಗದಲ್ಲಿ ಇನ್ನೊಬ್ಬ ಕಾದಿರುತ್ತಾನೆ. ದಂಡು ಕೈಯಿಂದ ಕೈಗೆ ದಾಟಿ, ಒಬ್ಬನೇ ಮೂರು ದಿನ ನಡೆಯಬೇಕಾದ ದೂರವನ್ನು ಒಂದೇ ದಿನದಲ್ಲಿ ಕ್ರಮಿಸುತ್ತದೆ. ಇದಕ್ಕೆ ಆಟಗಾರರು ಚೈನ್ ಎನ್ನುತ್ತಾರೆ. ವಿನ್ಯಾಸಕಾರರು ಕೈಪಿಡಿಯಲ್ಲಿ ಪಾಠ ಮಾಡಿದ ವಿದ್ಯೆಯಲ್ಲ ಇದು. ಸಾವಿರಾರು ಜನ ತಾವೇ ಕಂಡುಕೊಂಡು ಒಬ್ಬರಿಗೊಬ್ಬರು ಕಲಿಸಿದ್ದು. ದಾರಿಯುದ್ದಕ್ಕೂ ನಿಂತ ಸ್ತಂಭಗಳನ್ನು ಮುಟ್ಟುತ್ತ ಹೋದರೆ ನಿಧಿಯ ನಕ್ಷೆ ತುಂಡುತುಂಡಾಗಿ ಬಿಚ್ಚಿಕೊಳ್ಳುತ್ತದೆ. ಆ ಜಾಗವನ್ನು ಅಗೆಯಲು ನಾಯಕನ ಇಡೀ ದಿನದ ನಡಿಗೆ ಬೇಕು. ಸಿಕ್ಕ ನಿಧಿಯನ್ನು ಕೋಟೆಗೆ ತಂದು ಸ್ಥಾಪಿಸಿದರೆ ದಿನಕ್ಕೆ 5000 ಚಿನ್ನ ಹೆಚ್ಚುವರಿ ಬರುತ್ತದೆ, ಯೋಧರ ಹುಟ್ಟುವಳಿ ಒಂದೂವರೆ ಪಟ್ಟಾಗುತ್ತದೆ. 1990ರ ಕಿಂಗ್ಸ್ ಬೌಂಟಿಯ ಹೂತ ರಾಜದಂಡವೇ ಮರುಹುಟ್ಟು ಪಡೆದದ್ದು ಹೀಗೆ.

ಕಾಳಗದ ಕಣ ಷಡ್ಭುಜಗಳದು: ಉದ್ದಕ್ಕೆ 15, ಅಡ್ಡಕ್ಕೆ 11. ಅಷ್ಟೇ ನೆಲದಲ್ಲಿ ರಾಜ್ಯಗಳ ಹಣೆಬರಹ ತೀರ್ಮಾನವಾಗುತ್ತಿತ್ತು. ಒಂದು ಸಣ್ಣ ಕಾಳಗವನ್ನು ಹತ್ತಿರದಿಂದ ನೋಡೋಣ. ಎದುರಿಗೆ ಮಿನಟಾರ್‌ಗಳ ಗುಂಪು, ನಮ್ಮ ಬಳಿ ಬಿಲ್ಲಾಳುಗಳು, ಕತ್ತಿವೀರರು. ಮಿನಟಾರ್‌ನ ಕೊಡಲಿ ಭಾರಿ. ನೇರವಾಗಿ ನುಗ್ಗಿದರೆ ಅರ್ಧ ದಂಡು ನೆಲ ಕಚ್ಚುತ್ತದೆ. ಆದರೆ ಈ ನೆಲದ ಕಟ್ಟಳೆಯಂತೆ ಏಟು ತಿಂದ ತುಕಡಿ ಒಂದು ಸುತ್ತಿಗೆ ಒಮ್ಮೆ ಮಾತ್ರ ತಿರುಗೇಟು ಕೊಡಬಹುದು. ಹಾಗಾಗಿ ದಂಡಿನಿಂದ ಒಬ್ಬನೇ ಒಬ್ಬ ಈಟಿಯಾಳನ್ನು ಬೇರ್ಪಡಿಸಿ ಮುಂದಕ್ಕೆ ಕಳಿಸುತ್ತಾರೆ. ಅವನು ಹೋಗಿ ಚುಚ್ಚುತ್ತಾನೆ. ಆ ಗುಂಪಿನ ತಿರುಗೇಟು ಅವನ ಮೇಲೆ ಬೀಳುತ್ತದೆ, ಅವನು ಅಲ್ಲಿಯೇ ಸಾಯುತ್ತಾನೆ. ಹಿಂದೆಯೇ ಕತ್ತಿವೀರರು ನುಗ್ಗುತ್ತಾರೆ. ಈಗ ಅವರನ್ನು ತಡೆಯುವವರಿಲ್ಲ. 60 ಚಿನ್ನದ ಆ ಒಬ್ಬ ಕಾಲಾಳು ನೂರಾರು ಜೀವ ಉಳಿಸಿದ. ಯಾವ ಶಾಸನದಲ್ಲೂ ಅವನ ಹೆಸರಿಲ್ಲ. ವೀರಗಲ್ಲು ನಿಲ್ಲಿಸುವ ಪದ್ಧತಿ ಆ ನಾಡಿನಲ್ಲಿದ್ದಿದ್ದರೆ ಮೊದಲ ಕಲ್ಲು ಅವನಿಗೇ ಸಲ್ಲಬೇಕಿತ್ತು.

ಡಂಜನ್‌ನವರ ಒಂದು ಯುದ್ಧನೀತಿ ಇದಕ್ಕಿಂತ ಘೋರ. ಕಪ್ಪು ಡ್ರ್ಯಾಗನ್‌ಗೆ ಯಾವ ಮಂತ್ರವೂ ತಾಕುವುದಿಲ್ಲ. ಆರ್ಮಗೆಡಾನ್ ಎಂಬ ಮಂತ್ರ ಕಣದಲ್ಲಿರುವ ಎಲ್ಲರನ್ನೂ, ತನ್ನವರು ಪರರೆನ್ನದೆ, ಸುಡುತ್ತದೆ. ಕಪ್ಪು ಡ್ರ್ಯಾಗನ್‌ಗಳನ್ನಷ್ಟೇ ಕಟ್ಟಿಕೊಂಡು ಹೋಗಿ ಆ ಮಂತ್ರ ಹಾಕಿದರೆ ಎದುರಾಳಿಯ ಸೈನ್ಯ ಬೂದಿ, ಡ್ರ್ಯಾಗನ್‌ಗಳಿಗೆ ಒಂದು ಗೀರೂ ಇಲ್ಲ. ನೆಕ್ರೊಪೊಲಿಸ್‌ನ ದಾರಿಯೇ ಬೇರೆ. ಪ್ರತಿ ಗೆಲುವಿನ ಬಳಿಕ ಸತ್ತವರಲ್ಲಿ ಒಂದಷ್ಟು ಜನ ಅಸ್ಥಿಪಂಜರಗಳಾಗಿ ಎದ್ದು ಅದರ ದಂಡು ಸೇರುತ್ತಾರೆ. ಉಳಿದ ರಾಜ್ಯಗಳು ಕಾದಷ್ಟೂ ಸವೆಯುತ್ತವೆ, ಡೇಜಾ ಕಾದಷ್ಟೂ ಬೆಳೆಯುತ್ತದೆ. ಅಸಮಾನತೆಗೆ ಹೆದರದೆ ಇಂಥ ಬೇರೆಬೇರೆ ಧರ್ಮಗಳನ್ನು ಎಂಟು ಕೋಟೆಗಳಿಗೂ ಹಂಚಿ, ಆದರೂ ಒಂದು ಇನ್ನೊಂದನ್ನು ಪೂರ್ತಿ ಮುಳುಗಿಸದಂತೆ ತೂಗಿದ್ದು ಫುಲ್ಟನ್ ಮತ್ತು ಅವನ ಸಂಗಡಿಗರ ಹಿರಿಮೆ.

ಸಂಗೀತದ ಬಗ್ಗೆ ಎರಡು ಮಾತು. ಪ್ರತಿ ಕೋಟೆಗೂ ಒಂದೊಂದು ರಾಗ. ಹುಲ್ಲಿನಿಂದ ಮರಳಿಗೆ, ಮರಳಿನಿಂದ ಹಿಮಕ್ಕೆ ನಾಯಕ ಕಾಲಿಟ್ಟೊಡನೆ ಹಿನ್ನೆಲೆಯ ರಾಗ ಬದಲಾಗುತ್ತಿತ್ತು. ಪರದೆ ನೋಡದೆಯೇ, ಪಕ್ಕದ ಕೋಣೆಯಲ್ಲಿ ಕೂತವರು ಕೂಡ ದಂಡು ಈಗ ಯಾವ ನೆಲದಲ್ಲಿದೆ ಎಂದು ಹೇಳಬಹುದಿತ್ತು. ಪೋಲೆಂಡಿನಲ್ಲಿ ಈ ಸಂಗೀತವನ್ನು ನುಡಿಸುವುದಕ್ಕೆಂದೇ ‘ಹೀರೋಸ್ ಆರ್ಕೆಸ್ಟ್ರಾ’ ಹುಟ್ಟಿಕೊಂಡಿತು. ಪೋಲೆಂಡ್, ರಷ್ಯಾ ಮತ್ತು ಪೂರ್ವ ಯುರೋಪಿನಲ್ಲಿ ಈ ಆಟ ಬೇರೂರಿದಷ್ಟು ಆಳವಾಗಿ ಅದರ ತವರು ಅಮೆರಿಕದಲ್ಲೂ ಬೇರೂರಲಿಲ್ಲ. ಅಲ್ಲಿ ಒಂದೇ ಕಂಪ್ಯೂಟರಿನ ಮುಂದೆ ಮನೆಮಂದಿಯೆಲ್ಲ ಸರದಿಯಲ್ಲಿ ಕೂತು ಆಡುವ ಹಾಟ್ ಸೀಟ್ ಪದ್ಧತಿ ಒಂದು ಪೀಳಿಗೆಯ ಬಾಲ್ಯವೇ ಆಗಿಹೋಯಿತು. ಆ ಪದ್ಧತಿಯ ಸೊಗಸನ್ನು ನಾನೂ ಬಲ್ಲೆ. ನನ್ನ ಸರದಿ ಮುಗಿಸಿ ಕುರ್ಚಿ ಬಿಟ್ಟೆದ್ದು, ಅಣ್ಣ ತನ್ನ ಸರದಿ ಆಡುವಾಗ ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು; ಅವನ ನಾಯಕ ಎಲ್ಲಿದ್ದಾನೆಂದು ನೋಡಬಾರದು. ಈ ನಿಯಮವನ್ನು ಯಂತ್ರ ಹೇರಲಿಲ್ಲ. ಮಾತಿನ ಮೇಲೆ ನಡೆಯುತ್ತಿತ್ತು, ಯಾರೂ ಮುರಿಯುತ್ತಿರಲಿಲ್ಲ.

ಇನ್ನು ರಾಜಕಥೆ. ಎರಾಥಿಯಾದ ದೊರೆ ನಿಕೊಲಸ್ ಗ್ರಿಫನ್‌ಹಾರ್ಟ್. ಅವನ ಮಗಳು ಕ್ಯಾಥರೀನ್ ಕಡಲಾಚೆಯ ಎನ್ರಾತ್ ಖಂಡದ ರೋಲಂಡ್‌ನನ್ನು ಮದುವೆಯಾಗಿ ಅಲ್ಲಿಯ ರಾಣಿಯಾಗಿದ್ದಳು. ತಂದೆ ತೀರಿಕೊಂಡ ಸುದ್ದಿ ಕೇಳಿ ಅಂತ್ಯಕ್ರಿಯೆಗೆಂದು ಹಡಗೇರಿ ಬಂದವಳ ಕಣ್ಣಿಗೆ ಬಿದ್ದದ್ದು ಸೂರೆಹೋದ ತವರು. ನೈಗಾನ್‌ನ ಸರದಾರರೂ ಈಯೋಫೋಲ್‌ನ ಕ್ರೀಗನ್ನರೂ ನಾಡನ್ನು ಹರಿದು ಹಂಚಿಕೊಂಡಿದ್ದರು. ರಾಜನನ್ನು ವಿಷವಿಕ್ಕಿ ಕೊಲ್ಲಲಾಗಿತ್ತು. ಡೇಜಾದ ಪ್ರೇತಮಾಂತ್ರಿಕರು ಅವನ ಹೆಣವನ್ನೇ ಕದ್ದೊಯ್ದು ಲಿಚ್ ಎಂಬ, ಸತ್ತೂ ನಡೆಯುವ ಮಾಂತ್ರಿಕನಾಗಿ ಎಬ್ಬಿಸಿದ್ದರು. ಅಂಥ ಸೇನಾನಿ ತಮ್ಮ ಕೈಯಲ್ಲಿದ್ದರೆ ಖಂಡವೇ ತಮ್ಮದೆಂಬ ಎಣಿಕೆ ಅವರದು. ಆದರೆ ಸತ್ತು ಎದ್ದ ರಾಜ ಯಾರ ಕೈಗೊಂಬೆಯೂ ಆಗಲಿಲ್ಲ. ಡೇಜಾದ ದೊರೆ ಫಿನಿಯಸ್ ವಿಲ್ಮಾರ್‌ನನ್ನೇ ಮುಗಿಸಿ ತಾನೇ ಸಿಂಹಾಸನವೇರಿದ. ಬೆದರಿದ ಪ್ರೇತಮಾಂತ್ರಿಕರು ಕೊನೆಗೆ ಬಂದು ಬೇಡಿಕೊಂಡದ್ದು ಕ್ಯಾಥರೀನ್‌ಳನ್ನೇ. ತಂದೆಯ ಮೇಲೆ ಮಗಳು ದಂಡೆತ್ತಿ ಹೋಗಬೇಕಾಯಿತು. ಆ ಅಧ್ಯಾಯಕ್ಕೆ ಕರ್ತೃಗಳು ಇಟ್ಟ ಹೆಸರು ‘ಸಾಂಗ್ ಫಾರ್ ದ ಫಾದರ್’.

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬಬ್ರುವಾಹನನು ತಂದೆ ಅರ್ಜುನನನ್ನು ಕೆಡಹುವ ಪ್ರಸಂಗವನ್ನು ಬಲ್ಲವರಿಗೆ ಈ ಎದುರುಬದುರಿನ ಸಂಕಟ ಹೊಸದಲ್ಲ. ಅಲ್ಲಿ ಸತ್ತ ತಂದೆ ನಾಗಲೋಕದಿಂದ ತಂದ ಮಣಿಯಿಂದ ಜೀವ ಪಡೆದು ಏಳುತ್ತಾನೆ, ಮಗನ ಪಾಪ ತೊಳೆದುಹೋಗುತ್ತದೆ. ಇಲ್ಲಿ ಕಥೆ ತಲೆಕೆಳಗಾಗಿದೆ. ತಂದೆ ಜೀವಂತ ಎದ್ದಿರುವುದೇ ಅನಾಹುತ. ಅವನನ್ನು ಮತ್ತೆ ಸಾವಿಗೆ ಒಪ್ಪಿಸುವುದೇ ಮಗಳು ಸಲ್ಲಿಸಬೇಕಾದ ಕೊನೆಯ ಸೇವೆ. ಮಾಡಲು ಬಂದದ್ದು ಅಂತ್ಯಕ್ರಿಯೆ. ದಂಡಯಾತ್ರೆಗಳೆಲ್ಲ ಮುಗಿದ ಮೇಲೆ ನಡೆದದ್ದೂ ಅದೇ. ಆಟದ ಕಥೆ ಒಂದೆರಡು ಪುಟದ ಬರಹದಲ್ಲಿ, ಚಿಕ್ಕ ದೃಶ್ಯಗಳಲ್ಲಿ ಸರಿದುಹೋಗುತ್ತದೆ, ಹೆಚ್ಚಿನವರು ಓದದೆ ದಾಟುತ್ತಾರೆ. ಓದಬೇಕು. ತಂತ್ರದ ಆಟಗಳಲ್ಲಿ ಕಥೆ ಎಂದರೆ ಯುದ್ಧಕ್ಕೊಂದು ನೆಪ ಎಂದು ಒಪ್ಪಿಕೊಂಡಿದ್ದ ಕಾಲದಲ್ಲಿ ಇಷ್ಟು ದುಃಖವನ್ನು ಒಳಗಿಟ್ಟುಕೊಂಡ ಅರಸುಕಥೆ ಇನ್ನೊಂದಿರಲಿಲ್ಲ.

ದಂಗೆಯ ವಿಷಯಕ್ಕೆ ಬರುತ್ತೇನೆ. ಅದೇ 1999ರಲ್ಲಿ ಮೊದಲ ವಿಸ್ತರಣೆ ‘ಆರ್ಮಗೆಡಾನ್ಸ್ ಬ್ಲೇಡ್’ ಸಿದ್ಧವಾಗುತ್ತಿತ್ತು. ಅದರಲ್ಲಿ ಒಂಬತ್ತನೆಯ ಕೋಟೆಯಾಗಿ ಫೋರ್ಜ್ ಬರಬೇಕಿತ್ತು: ಯಂತ್ರ ಮತ್ತು ಮಾಂಸ ಬೆಸೆದ ಸೈನಿಕರು, ಬೆನ್ನಿಗೆ ಜೆಟ್ ಕಟ್ಟಿಕೊಂಡು ಹಾರುವ ಮಿನಟಾರ್, ಟ್ಯಾಂಕಿನ ಮೇಲಿನ ನಾಗ. ಮೈಟ್ ಅಂಡ್ ಮ್ಯಾಜಿಕ್‌ನ ಹಳೆಯ ಗುಟ್ಟನ್ನು ಅರಿತವರಿಗೆ ಇದು ವಂಶಕ್ಕೆ ಹೊರತಾದದ್ದೇನಲ್ಲ. ಆದರೆ ಹೀರೋಸ್‌ನ ಪ್ರಜೆಗಳಲ್ಲಿ ಬಹುಪಾಲು ಜನ ಕತ್ತಿ ಮಂತ್ರಗಳ ನಾಡಿಗೆ ಒಕ್ಕಲು ಬಂದವರು. ಅವರು ಸಿಡಿದೆದ್ದರು. ಸಂಸ್ಥೆ ಬಾಗಿತು. ಫೋರ್ಜ್ ಕೈಬಿಟ್ಟು ಗಾಳಿ, ನೀರು, ಬೆಂಕಿ, ಮಣ್ಣುಗಳ ಕಾನ್‌ಫ್ಲಕ್ಸ್ ಎಂಬ ಕೋಟೆಯನ್ನು ಆ ಜಾಗಕ್ಕೆ ತಂದರು. ಫುಲ್ಟನ್ ಸಂಸ್ಥೆ ಬಿಟ್ಟು ಹೋದ. ಕಾನ್‌ಫ್ಲಕ್ಸ್ ಮುಂದೆ ಎಲ್ಲರಿಗಿಂತ ಬಲಶಾಲಿ ಕೋಟೆಯೆಂದು ಹೆಸರಾಯಿತು. ಅವಸರದಲ್ಲಿ ಕಟ್ಟಿದ್ದು ಎಂಬುದು ಅದರ ಗೋಡೆಗಳಲ್ಲೇ ಕಾಣುತ್ತದೆ. ಉಳಿದ ಎಂಟಕ್ಕಿರುವ ಊರಿನ ವಾಸನೆ ಅದಕ್ಕಿಲ್ಲ. ಪ್ರಜೆಗಳು ಆ ದಿನ ಗೆದ್ದರು, ರಾಜ್ಯಕ್ಕೆ ಒಬ್ಬ ಒಳ್ಳೆಯ ಶಿಲ್ಪಿ ಇಲ್ಲದಾದ.

2000ದಲ್ಲಿ ಎರಡನೆಯ ವಿಸ್ತರಣೆ ‘ದ ಶ್ಯಾಡೋ ಆಫ್ ಡೆತ್’ ಬಂತು. ಸ್ಯಾಂಡ್ರೊ ಎಂಬ ಲಿಚ್ ಜೆಮ್ ಮತ್ತು ಕ್ರ್ಯಾಗ್ ಹ್ಯಾಕ್ ಎಂಬ ನಾಯಕರನ್ನು ನಂಬಿಸಿ, ಅವರ ಕೈಯಿಂದಲೇ ತನಗೆ ಬೇಕಾದ ಮಾಯದ ಆಭರಣಗಳನ್ನು ಹುಡುಕಿಸಿ ತರಿಸಿಕೊಂಡ ಕಥೆ ಅದು. ಮೋಸ ತಿಳಿದ ಮೇಲೆ ಅವರಿಬ್ಬರ ಜೊತೆ ಗೆಲು, ಯಾಗ್ ಸೇರಿ ನಾಲ್ವರು ಒಂದಾಗುತ್ತಾರೆ. ಬಿಡಿಬಿಡಿ ಆಭರಣಗಳನ್ನು ಕೂಡಿಸಿ ಒಂದು ಮಹಾ ಆಯುಧ ಮಾಡುವ ವಿದ್ಯೆ ಆಟಕ್ಕೆ ಬಂದದ್ದು ಆಗಲೇ.

ಆಮೇಲಿನದು ಪತನದ ಕಥೆ, ಬೇಗ ಹೇಳಿ ಮುಗಿಸುತ್ತೇನೆ. 2002ರಲ್ಲಿ ನಾಲ್ಕನೆಯ ಹೀರೋಸ್ ಬಂತು. ಅದರ ಆರಂಭದಲ್ಲೇ ಗೆಲು ಎಂಬ ಆ ನಾಯಕನ ಕೈಯ ಆರ್ಮಗೆಡಾನ್ಸ್ ಬ್ಲೇಡ್ ಎಂಬ ಖಡ್ಗ ಮತ್ತು ಕಿಲ್ಗೋರ್ ಎಂಬವನ ಕೈಯ ಹಿಮಖಡ್ಗ ಒಂದಕ್ಕೊಂದು ತಾಗಿ ಹಳೆಯ ಜಗತ್ತೇ ಸಿಡಿದುಹೋಗುತ್ತದೆ. ಎರಾಥಿಯಾ, ಆವ್ಲೀ, ಬ್ರಕಾಡಾ ಎಲ್ಲವೂ ಒಂದೇ ಏಟಿಗೆ ಇಲ್ಲವಾದವು. ಬದುಕುಳಿದವರು ಮಾಯದ ಬಾಗಿಲುಗಳಿಂದ ಹೊಸ ಜಗತ್ತಿಗೆ ಓಡಿದರು. ಮರುವರ್ಷ 3ಡಿಒ ದಿವಾಳಿಯಾಯಿತು, ಅದರೊಂದಿಗೆ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಕೂಡ ಮುಳುಗಿತು. 2003ರಲ್ಲಿ ಮೈಟ್ ಅಂಡ್ ಮ್ಯಾಜಿಕ್ ಎಂಬ ಹೆಸರು ಮತ್ತು ಅದರ ಹಕ್ಕುಗಳನ್ನು ಫ್ರಾನ್ಸ್‌ನ ಯೂಬಿಸಾಫ್ಟ್ 13 ಲಕ್ಷ ಡಾಲರಿಗೆ ಕೊಂಡಿತು. ಅಷ್ಟು ದೊಡ್ಡ ವಂಶಕ್ಕೆ ಬಂದ ಬೆಲೆ ಅದು. 2006ರಲ್ಲಿ ರಷ್ಯಾದ ನಿವಾಲ್ ಸಂಸ್ಥೆ ಕಟ್ಟಿದ ಐದನೆಯ ಹೀರೋಸ್ ಒಳ್ಳೆಯ ಆಟವೇ. ಆದರೆ ಅದರ ನೆಲ ಆಶಾನ್, ಆಂಟಗಾರಿಚ್ ಅಲ್ಲ.

2015ರಲ್ಲಿ ಯೂಬಿಸಾಫ್ಟ್ ಹೀರೋಸ್ 3ಕ್ಕೆ ಹೊಸ ಬಣ್ಣ ಬಳಿದು ಎಚ್‌ಡಿ ಆವೃತ್ತಿ ತಂದಾಗ ಹಳಬರಿಗೆ ಆಘಾತ ಕಾದಿತ್ತು. ಅದರಲ್ಲಿ ಎರಡು ವಿಸ್ತರಣೆಗಳೂ ಇರಲಿಲ್ಲ. ಅವುಗಳ ಮೂಲ ಸಂಕೇತವೇ ಹೊಸ ಒಡೆಯರ ಬಳಿ ಇರಲಿಲ್ಲ. ರಾಜಮನೆತನ ಕಳೆದುಕೊಂಡದ್ದನ್ನು ಪ್ರಜೆಗಳು ಮನೆಮನೆಯಲ್ಲಿ ಕಾಪಿಟ್ಟಿದ್ದರು. ರಷ್ಯಾದ ಅಭಿಮಾನಿಗಳು ಎರಡು ಸಾವಿರದ ದಶಕದ ಆರಂಭದಲ್ಲೇ ‘ಇನ್ ದ ವೇಕ್ ಆಫ್ ಗಾಡ್ಸ್’ ಎಂಬ ದೊಡ್ಡ ಮಾರ್ಪಾಟನ್ನು ಕಟ್ಟಿದ್ದರು. ಹಳೆಯ ಆಟ ಹೊಸ ಅಗಲದ ಪರದೆಗಳಲ್ಲಿ ನಿಲ್ಲುವಂತೆ ಮಾಡಿದ ಎಚ್‌ಡಿ ಮಾಡ್ ಕೂಡ ಒಡೆಯರು ಕೊಟ್ಟದ್ದಲ್ಲ, ಅಭಿಮಾನಿಯ ಕೈಯಿಂದ ಬಂದದ್ದು. ಆಟದ ಯಂತ್ರವನ್ನೇ ಬುಡದಿಂದ ಮುಕ್ತವಾಗಿ ಬರೆದ ವಿಸಿಎಮ್‌ಐ ಇದೆ. ಅದರಿಂದ ಎರಾಥಿಯಾ ಕೈಫೋನಿಗೂ ಬಂತು. ಮೂಲ ಆಟದೊಡನೆಯೇ ನಕ್ಷೆ ರಚಿಸುವ ಸಲಕರಣೆಯನ್ನು ಕೊಟ್ಟಿದ್ದು ಕರ್ತೃಗಳ ದೂರದೃಷ್ಟಿ. ಅದನ್ನು ಹಿಡಿದವರು ಹೊಸ ಖಂಡಗಳನ್ನು ಬಿಡಿಸುತ್ತಲೇ ಹೋದರು.

ಇವುಗಳಲ್ಲೆಲ್ಲ ಹಿರಿದು 2011ರಲ್ಲಿ ಮೊದಲು ಬಿಡುಗಡೆಯಾದ ‘ಹಾರ್ನ್ ಆಫ್ ದ ಅಬಿಸ್’. ಅದು ಕೋವ್ ಎಂಬ ಕಡಲ್ಗಳ್ಳರ ಕೋಟೆಯನ್ನು ಸೇರಿಸಿತು. ಅದರ ಚಿತ್ರ, ಸಂಗೀತ, ತೂಕ ಎಲ್ಲವೂ ಮೂಲಕ್ಕೆ ಎಷ್ಟು ಹೊಂದಿದವೆಂದರೆ, ತಿಳಿಯದವರು 1999ರಲ್ಲೇ ಅದು ಇತ್ತೆಂದು ನಂಬುತ್ತಾರೆ. ಇಬ್ಬರೂ ಒಟ್ಟಿಗೆ ಸರದಿ ಆಡುವ ಅನುಕೂಲ, ಜಾಲದ ಮೇಲೆ ಎದುರಾಳಿ ಹುಡುಕುವ ಅಂಗಳ, ಸ್ಪರ್ಧೆಗೆಂದೇ ಹೊಂದಿಸಿದ ನಕ್ಷೆಗಳು ಅದರೊಂದಿಗೆ ಬೆಳೆದವು. ಜೀಬಸ್ ಕ್ರಾಸ್ ಎಂಬ ನಕ್ಷೆಯ ಮಾದರಿಯಲ್ಲಿ ನಡುವಿನ ಮರಳುಗಾಡಿನ ತುಂಬ ನಿಧಿ, ಸುತ್ತ ಆಟಗಾರರ ನಾಡುಗಳು. ಮೊದಲು ನಡುವಿಗೆ ನುಗ್ಗುವ ಧೈರ್ಯ ಯಾರಿಗಿದೆ ಎಂಬುದರ ಮೇಲೆ ಪಂದ್ಯವೇ ತೀರ್ಮಾನವಾಗುತ್ತದೆ. ಇಂದಿನ ಪಂದ್ಯಗಳಲ್ಲಿ ದಿನ ಮತ್ತು ವಾರಗಳ ಲೆಕ್ಕವನ್ನು ಮೂಲ ಕರ್ತೃಗಳೂ ಊಹಿಸಿರದ ಸೂಕ್ಷ್ಮಕ್ಕೆ ಒಯ್ದಿದ್ದಾರೆ. ಕಟ್ಟಳೆ ಮಾತ್ರ ಒಂದಕ್ಷರವೂ ಬದಲಾಗಿಲ್ಲ: ದಿನಕ್ಕೆ ಒಂದೇ ಕಟ್ಟಡ, ವಾರದ ಮೊದಲ ಬೆಳಗ್ಗೆ ಹೊಸ ಆಳು.

ಅದೇ ತಂಡ ಹಲವು ವರ್ಷ ದುಡಿದು ಇನ್ನೊಂದು ಕೋಟೆಯನ್ನು ತಂದಿತು. ಹೆಸರು ಫ್ಯಾಕ್ಟರಿ. ಅದರಲ್ಲಿ ಮೆಕ್ಯಾನಿಕ್‌ಗಳಿದ್ದಾರೆ, ಬಂದೂಕುಧಾರಿಗಳಿದ್ದಾರೆ, ತಾನಾಗಿ ನಡೆಯುವ ಲೋಹದ ಆಳುಗಳಿದ್ದಾರೆ. ಏಳನೆಯ ದರ್ಜೆಯಲ್ಲಿ ರೆಕ್ಕೆಯ ಸರ್ಪವೂ ಯಂತ್ರದ ದೈತ್ಯನೂ ಇದ್ದಾರೆ. 1999ರಲ್ಲಿ ಪ್ರಜೆಗಳು ಹೊಸಿಲಾಚೆಯೇ ತಡೆದ ಯಂತ್ರವನ್ನು ಪ್ರಜೆಗಳೇ ಕರೆದು ತಂದರು. ಈ ಸಲ ಯಾರೂ ದಂಗೆಯೇಳಲಿಲ್ಲ. ಆ ನೆಲದ ಬಣ್ಣ, ಧೂಳು, ಹಳೆಯ ಕೋಟೆಗಳ ಕುಸುರಿ ಎಲ್ಲವನ್ನೂ ಅರಗಿಸಿಕೊಂಡ ಕೈಗಳು ಅದನ್ನು ಕಟ್ಟಿದ್ದವು. ಆ ಕೋಟೆಯ ಮೊದಲ ದರ್ಜೆಯ ಯೋಧರು ಹಾಫ್ಲಿಂಗ್‌ಗಳು, ಕ್ರೀಗನ್ನರು ಈಯೋಫೋಲ್ ನುಂಗಿದಾಗ ನೆಲೆ ಕಳೆದುಕೊಂಡ ಅದೇ ಗಿಡ್ಡ ಜನ. ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಅವರಿಗೆ ವಿಸ್ತರಣೆಯಲ್ಲಿ ಯಾವ ಕೋಟೆಗೂ ಸೇರದ ಅಲೆಮಾರಿ ತುಕಡಿಯ ಜಾಗವನ್ನಷ್ಟೇ ಕೊಟ್ಟಿತ್ತು. ಈಗ ಅವರಿಗೆ ತಮ್ಮದೇ ಊರಿದೆ, ಬಿಡದಿ ಇದೆ, ಬಡ್ತಿ ಪಡೆದರೆ ಕೈಗೆ ಸಿಡಿಗುಂಡು ಬರುತ್ತದೆ.